ಕಲೆ ಕಲಿಯುವ ಮಕ್ಕಳಿಗೆ ವೇತನ: ನಮ್ಮ ಹಳ್ಳಿಗಳ ಕರ್ತವ್ಯ



ಆದೋನಿ, ಆಲೂರು, ಹಾಲಹರ್ವಿ, ಹೊಳಗುಂದ, ಕೌತಾಳ, ಕೋಸಿಗಿಗಳ ಸುತ್ತಣ ಹಳ್ಳಿಗಳಲ್ಲಿ ಕಲೆಗೆ ಬಡತನವಿಲ್ಲ. ಬಡತನವಿರುವುದು ಕಲಾವಿದನ ಮನೆಗೆ. ಶ್ರಾವಣ ಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಗೆ ಹೋಗಿಬಂದವರೂ ದಸರೆಯ ರಾತ್ರಿ ದೇವರಗಟ್ಟಿನ ಮಾಳಮಲ್ಲೇಶ್ವರನ ಬನ್ನಿ ಉತ್ಸವವನ್ನು ಕಂಡವರೂ ಈ ಮಾತನ್ನು ಒಪ್ಪುವರು. ಡೊಳ್ಳು ಬಾರಿಸುವ ಕೈ, ಭಜನೆಯ ಪದವನ್ನು ಎತ್ತಿಕೊಡುವ ಕಂಠ, ಜಾತ್ರೆಯ ನಾಟಕದಲ್ಲಿ ರಾಜನ ಪಾರ್ಟು ಮಾಡುವ ರೈತನ ಮಗ, ಇವರು ನಮ್ಮ ನಡುವೆ ಇದ್ದಾರೆ. ಆದರೆ ಸುಗ್ಗಿ ಮುಗಿದು ಕೂಲಿಯಿಲ್ಲದೆ ಹೋದಾಗ, ಅದೇ ಕುಟುಂಬಗಳು ಗುಂಟೂರಿನ ಕಡೆಗೆ ಮೆಣಸಿನಕಾಯಿ, ಹತ್ತಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುವುವು. ಮಕ್ಕಳೂ ಜೊತೆಯಲ್ಲಿ ಹೋಗುವರು. ಶಾಲೆಯೂ ನಿಲ್ಲುವುದು, ಗುರುವಿನ ಬಳಿಯ ಪಾಠವೂ ನಿಲ್ಲುವುದು.

ಹೀಗಿರಲಾಗಿ, ಕಲೆಯನ್ನು ಕಲಿಯುವ ಮಕ್ಕಳಿಗೆ ಹಣದ ನೆರವು ಎಲ್ಲಿಂದ ದೊರೆತೀತು, ಕೆಲಸ ಮಾಡುತ್ತ ಕಲಿಯುವ ಅವಕಾಶ ಎಲ್ಲಿ ಉಂಟು, ಅದು ನಮ್ಮ ಕೈಗೆ ಏಕೆ ಬರುತ್ತಿಲ್ಲ ಎಂಬ ವಿಷಯವನ್ನು ಈ ಹೊತ್ತು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ.

ಕಲಿಯುವವನ ಹೊಟ್ಟೆಯನ್ನು ಬೇರೊಬ್ಬರು ನೋಡಿಕೊಳ್ಳುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲವರು ಬಹಳ ಮಂದಿ. ತಾವೇ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಅಂಧರಾದ, ಬಡವರಾದ ಬಾಲಕರಿಗೆ ಊಟವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರವನ್ನು ಹೊತ್ತರು. ಅಲ್ಲಿ ಜಾತಿಯನ್ನಾಗಲಿ ಹಣವನ್ನಾಗಲಿ ಕೇಳಲಿಲ್ಲ. ಇನ್ನೊಂದು ನಿದರ್ಶನವನ್ನು ನೋಡಿರಿ. ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಬಂದು ಗುಬ್ಬಿ ಕಂಪೆನಿ ಸೇರಿದ ಹುಡುಗನೊಬ್ಬನನ್ನು ಗುಬ್ಬಿ ವೀರಣ್ಣನವರು ಮುಂದೆ ಉಚ್ಚ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಅಲ್ಲಿ ಆತನು ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಅಭ್ಯಾಸ ಮಾಡಿದನು. ಆತನೇ ಬಿ. ವಿ. ಕಾರಂತರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದವರು, 1989ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಂಗಾಯಣದ ಮೊದಲ ನಿರ್ದೇಶಕರಾದವರು. ಕಂಪೆನಿಯ ಮಾಲೀಕರೊಬ್ಬರು ಒಬ್ಬ ಹುಡುಗನ ಓದಿಗೆ ಕೊಟ್ಟ ಹಣವು ಕನ್ನಡ ರಂಗಭೂಮಿಗೆಲ್ಲ ಬಡ್ಡಿಸಹಿತ ಹಿಂದಿರುಗಿತು.

ಈಗ ಕಂಪೆನಿಗಳ ಆ ಕಾಲ ಕಳೆಯಿತು. ಅವುಗಳ ಬದಲು ಸರಕಾರವೂ ಸಂಸ್ಥೆಗಳೂ ಕೊಡುವ ವೇತನಗಳಿವೆ. ಅವುಗಳಲ್ಲಿ ಮುಖ್ಯವಾದುವನ್ನು ವಯಸ್ಸಿನ ಕ್ರಮದಲ್ಲಿ ಹೇಳುತ್ತೇನೆ. ಮೊತ್ತವೂ ಕೊನೆಯ ದಿನಾಂಕವೂ ಬದಲಾಗಬಹುದಾದುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯತಕ್ಕದ್ದು.

10ರಿಂದ 14 ವಯಸ್ಸಿನ ಮಕ್ಕಳಿಗೆ ಕೇಂದ್ರ ಸರಕಾರದ ಸಾಂಸ್ಕೃತಿಕ ಪ್ರತಿಭಾನ್ವೇಷಣೆಯ ವಿದ್ಯಾರ್ಥಿವೇತನವಿದೆ. ಇದನ್ನು ಸಿ.ಸಿ.ಆರ್.ಟಿ. ಎಂದು ಕರೆಯುವ ದೆಹಲಿಯ ಸಂಸ್ಥೆ ನಡೆಸುತ್ತದೆ. ಅದರ ಪ್ರಾದೇಶಿಕ ಕೇಂದ್ರವೊಂದು ಹೈದರಾಬಾದಿನಲ್ಲಿದೆ. ನಿಯಮಾವಳಿಯಂತೆ ವರ್ಷಕ್ಕೆ 650 ಮಕ್ಕಳಿಗೆ ಈ ವೇತನ. ಇವುಗಳಲ್ಲಿ 125 ಸ್ಥಾನಗಳು ಪರಂಪರೆಯಿಂದ ಕಲೆಯನ್ನು ನಡೆಸಿಕೊಂಡು ಬಂದ ಕುಟುಂಬಗಳ ಮಕ್ಕಳಿಗೆ ಮೀಸಲು. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುವಿಗೆ ಕೊಡುವ ಬೋಧನಾ ಶುಲ್ಕ. ಮೊತ್ತ ಅಲ್ಪವೆಂದು ಅಲಕ್ಷಿಸಬಾರದು. 20 ವಯಸ್ಸಿನವರೆಗೆ ಇದನ್ನು ಮುಂದುವರಿಸಿಕೊಳ್ಳಲು ಅವಕಾಶವಿದೆ, ಮೇಲಾಗಿ ಮುಂದಿನ ಮೆಟ್ಟಿಲಿಗೆ ಇದು ಬಲವಾದ ಸಾಕ್ಷಿಯಾಗುತ್ತದೆ.

18ರಿಂದ 25 ವಯಸ್ಸಿನವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ತರುಣ ಕಲಾವಿದರ ವೇತನ: ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ, ದೇಶದಾದ್ಯಂತ 400 ಮಂದಿಗೆ. ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳಂತೆಯೇ ಜಾನಪದ ಕಲೆಗಳಿಗೂ ಇಲ್ಲಿ ಸ್ಥಾನವುಂಟು. 25ರಿಂದ 40ರವರೆಗಿನವರಿಗೆ ಕಿರಿಯ ಫೆಲೋಶಿಪ್ಪು, ತಿಂಗಳಿಗೆ 10,000. 40 ದಾಟಿದವರಿಗೆ ಹಿರಿಯ ಫೆಲೋಶಿಪ್ಪು, ತಿಂಗಳಿಗೆ 20,000. ಎರಡೂ 2 ವರ್ಷದವು. ಫೆಲೋಶಿಪ್ಪೆಂಬುದು ಕಲಿತವನು ಒಂದು ನಿರ್ದಿಷ್ಟ ಸಂಶೋಧನೆಯನ್ನೋ ಪ್ರಯೋಗವನ್ನೋ ಕೈಗೊಳ್ಳುವುದಕ್ಕೆ ಕೊಡುವ ನೆರವು. ನಮ್ಮ ಸೀಮೆಯ ಪದಗಳನ್ನು ಸಂಗ್ರಹಿಸುವವನೂ ಇದಕ್ಕೆ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸ್ವತಂತ್ರ ಸಂಸ್ಥೆಯಿದೆ. ಅದಕ್ಕೆ ಭಾರತದ ಯಾವ ಭಾಷೆಯಲ್ಲಾದರೂ, ಆದುದರಿಂದ ಕನ್ನಡದಲ್ಲಿಯೂ, ಯೋಜನೆಯನ್ನು ಬರೆದು ಕಳುಹಿಸಬಹುದು.

ಇನ್ನು ಕೆಲಸ ಮಾಡುತ್ತ ಕಲಿಯುವುದು. ಇದನ್ನು ನಮ್ಮ ಹಿರಿಯರು ಉಮೇದುವಾರಿ ಎನ್ನುತ್ತಿದ್ದರು, ಈಗಿನವರು ಇಂಟರ್ನ್‌ಶಿಪ್ ಎನ್ನುವರು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು 1980ರಿಂದ ರಂಗಶಿಕ್ಷಣ ಕೇಂದ್ರವನ್ನು ನಡೆಸುತ್ತಿದೆ, ಬೋಧನೆ ಕನ್ನಡದಲ್ಲಿ. 1985ರಲ್ಲಿ ಆರಂಭವಾದ ಅದರ ತಿರುಗಾಟ ತಂಡವು ನಟರನ್ನು ಊರೂರಿಗೆ ಕರೆದೊಯ್ಯುತ್ತ ಪಳಗಿಸಿತು. ನಾಟಕದ ಹುಚ್ಚಿರುವ, ಕನ್ನಡ ಚೆನ್ನಾಗಿ ಓದಬಲ್ಲ ನಮ್ಮ ಹುಡುಗ ಹುಡುಗಿಯರು ಅಂಥ ಕಡೆ ಅರ್ಜಿ ಹಾಕಬೇಕು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ 3 ವರ್ಷದ ಶಿಕ್ಷಣ, ವಿದ್ಯಾರ್ಥಿಗಳಿಗೆ ಮಾಸಿಕ ವೇತನ; ಆದರೆ ಪದವಿಯೂ ಕೆಲವು ನಾಟಕಗಳಲ್ಲಿ ಭಾಗವಹಿಸಿದುದಕ್ಕೆ ಪುರಾವೆಯೂ ಬೇಕು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ನಮ್ಮ ರಾಜ್ಯದಲ್ಲಿಯೇ, ಕಡಪದಲ್ಲಿ, ಲಲಿತಕಲೆಗಳ ವಿಶ್ವವಿದ್ಯಾಲಯವೊಂದು 2020ರಲ್ಲಿ ಸ್ಥಾಪಿತವಾಗಿದೆ.

ಇಷ್ಟಿದ್ದರೂ ನಮ್ಮ ಹಳ್ಳಿಯ ಮಗುವಿಗೆ ಇವು ಏಕೆ ದೂರ? ಕಲೆ ಸಾಲದೆಂದು ಹೇಳುವವರಿಗೆ ನಾನು ಒಪ್ಪುವುದಿಲ್ಲ. ಸಾಲದಿರುವುದು ಕಾಗದ. ತರುಣ ಕಲಾವಿದರ ವೇತನಕ್ಕೆ ಗುರುವಿನ ಬಳಿಯಲ್ಲೋ ಸಂಸ್ಥೆಯಲ್ಲೋ ಕನಿಷ್ಠ 5 ವರ್ಷ ಕಲಿತಿರಬೇಕೆಂಬ ನಿಯಮವಿದೆ. ನಮ್ಮ ಹುಡುಗನು 8 ವರ್ಷ ಕಲಿತಿರಬಹುದು. ಆದರೆ ಎಂದು ಆರಂಭಿಸಿದನು, ಯಾರಲ್ಲಿ, ಏನು ಕಲಿತನು ಎಂಬುದಕ್ಕೆ ಒಂದು ಅಕ್ಷರದ ಆಧಾರವಿಲ್ಲ. ಪಟ್ಟಣದ ಸಂಗೀತ ಶಾಲೆಯಲ್ಲಿ 5 ವರ್ಷ ಹಾಜರಿ ಹಾಕಿಸಿದವನ ಬಳಿ ಐದು ಪತ್ರಗಳಿರುತ್ತವೆ. ಇರುಳೆಲ್ಲ ಪೇಟಿ ಮಾಸ್ತರರ ಮುಂದೆ ಕುಳಿತು ಕಲಿತವನ ಕೈ ಬರಿದು. ಪರೀಕ್ಷಕರ ಮುಂದೆ ಹಾಡುವ ಅವಕಾಶ ಸಿಗುವುದಕ್ಕೆ ಮೊದಲೇ ಆತನ ಅರ್ಜಿ ಹಿಂದೆ ಬೀಳುತ್ತದೆ.

ಬರವಣಿಗೆಯ ಬಲವೇನೆಂಬುದಕ್ಕೆ ನೆರೆಯ ಸಂಡೂರು ತಾಲೂಕಿನ ದರೋಜಿಯ ಈರಮ್ಮನವರೇ ಸಾಕ್ಷಿ. ಅಕ್ಷರ ಕಲಿಯದ, ಬುಡ್ಗ ಜಂಗಮ ಸಮುದಾಯದ ಆ ತಾಯಿಯ ಮನೆಮಾತು ತೆಲುಗು, ಹಾಡಿದ್ದು ಕನ್ನಡದಲ್ಲಿ. ವಿದ್ವಾಂಸರು ಅವರ ಕಾವ್ಯವನ್ನು ಕೇಳಿ ಬರೆದಿರಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿತ್ತು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡರೂ ಆ ಕಾವ್ಯವು ಅವರೊಡನೆ ಹೋಗಲಿಲ್ಲ. ಬರೆದಿರಿಸುವವರು ಬಾರದೆ ಹೋದ ಊರುಗಳಲ್ಲಿ ಎಷ್ಟು ಈರಮ್ಮಂದಿರು ಮಣ್ಣಾದರೋ ಬಲ್ಲವರಾರು?

ಆದುದರಿಂದ ಪ್ರತಿಯೊಂದು ಹಳ್ಳಿಯೂ ಮಾಡಬೇಕಾದ ಕೆಲಸಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು, ಊರಿಗೊಂದು ಕಲಾ ದಾಖಲೆಯ ಪುಸ್ತಕ. ಶಾಲೆಯ ಗುರುಗಳಾಗಲಿ ಓದಿದ ತರುಣರಾಗಲಿ ಇದನ್ನು ಇಟ್ಟುಕೊಳ್ಳಲಿ. ಮಗುವಿನ ಹೆಸರು, ಹುಟ್ಟಿದ ದಿನ, ಕಲಿಯತೊಡಗಿದ ದಿನ, ಗುರುವಿನ ಹೆಸರು, ಕಲಿತ ಪಾಠ, ಭಾಗವಹಿಸಿದ ಪ್ರದರ್ಶನ ಇವನ್ನು ಆಗಾಗ್ಗೆ ಬರೆದು ಗುರುವಿನ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಬೇಕು. ಜಾತ್ರೆಯ ನಾಟಕದ ಕರಪತ್ರವನ್ನು ಬೆಲ್ಲದ ಪೊಟ್ಟಣಕ್ಕೆ ಸುತ್ತಬೇಡಿರಿ. ಅದರಲ್ಲಿ ಪಾತ್ರಧಾರಿಗಳ ಹೆಸರಿರುತ್ತದೆ, ಅದು ಪುರಾವೆ. ಈಗ ಮನೆಮನೆಯಲ್ಲಿಯೂ ಇರುವ ಮೊಬೈಲಿನಲ್ಲಿ ಹಾಡನ್ನೂ ಕುಣಿತವನ್ನೂ ಚಿತ್ರೀಕರಿಸಿ ದಿನಾಂಕದೊಡನೆ ಕಾಪಾಡಬೇಕು.

ಎರಡನೆಯದು, ಹೆಸರು. ನಮ್ಮಲ್ಲಿ ಈರಣ್ಣನೆಂದು ಕರೆದ ಮಗನು ಶಾಲೆಯಲ್ಲಿ ವೀರಣ್ಣ, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನ ಪಾಸುಬುಕ್ಕಿನಲ್ಲಿ ಮತ್ತೊಂದು. ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲಿ ಬರೆಯಿಸಿಕೊಳ್ಳುವ ಗಡಿಯ ಮಕ್ಕಳಿಗೆ ಈ ತೊಡಕು ಹೆಚ್ಚು. ಆಯ್ಕೆಯಾದ ಮೇಲೂ ಹೆಸರು ಹೊಂದದೆ ಹಣ ನಿಲ್ಲಬಹುದು. ಅರ್ಜಿಯ ಕಾಲ ಬರುವುದಕ್ಕೆ ಮೊದಲೇ ಇದನ್ನು ಸರಿಪಡಿಸಿ, ಬೇಕಾದ ಆದಾಯ, ಜಾತಿ ಪತ್ರಗಳನ್ನು ಮೀಸೇವಾ ಕೇಂದ್ರದಿಂದ ಪಡೆದಿರಿಸಬೇಕು.

ಮೂರನೆಯದು, ಬರೆದುಕೊಡುವವರು. ಕೇಂದ್ರದ ಪ್ರಕಟಣೆಗಳು ಹಿಂದಿ, ಇಂಗ್ಲಿಷುಗಳಲ್ಲಿ ಬರುತ್ತವೆ. ಕಾಲೇಜು ಓದಿದ ಇಬ್ಬರು ತರುಣರು ವರ್ಷಕ್ಕೊಮ್ಮೆ ಕೆಲವು ಸಂಜೆಗಳನ್ನು ಈ ಸೇವೆಗೆ ಕೊಟ್ಟರೆ ಸಾಕು. ಆಯ್ಕೆ ಮಾಡಿಸಿಕೊಡುತ್ತೇನೆಂದು ಹಣ ಕೇಳುವ ಮಧ್ಯವರ್ತಿಗೆ ಒಂದು ಪೈಸೆಯನ್ನೂ ಕೊಡಬೇಡಿರಿ. ಉಮೇದುವಾರಿಗೆ ಕರೆದವರನ್ನು ಊಟ, ವಸತಿ, ಪ್ರಯಾಣದ ವೆಚ್ಚ ಯಾರದೆಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೆಣ್ಣುಮಕ್ಕಳನ್ನು ಕಳುಹಿಸುವಾಗ ಹಿರಿಯರೊಬ್ಬರು ಹೋಗಿ ಸ್ಥಳವನ್ನು ನೋಡಿಬರಲಿ; ಆದರೆ ಹೆಣ್ಣೆಂಬ ಕಾರಣಕ್ಕೆ ತಡೆಯದಿರಲಿ.

ನಾಲ್ಕನೆಯದು ಎಲ್ಲಕ್ಕಿಂತ ಭಾರವಾದುದು. ತರುಣ ಕಲಾವಿದರ ವೇತನವು ತಿಂಗಳು ತಿಂಗಳು ಕೈಗೆ ಬರುವುದಿಲ್ಲ. 2 ವರ್ಷದ ಹಣವನ್ನು ಅರ್ಧ ವರ್ಷಕ್ಕೊಂದರಂತೆ 4 ಕಂತುಗಳಲ್ಲಿ ಕೊಡುವುದು ನಿಯಮ. ಆ ಕಂತು ಬರುವ ತನಕ ಮನೆ ನಡೆಯಬೇಕಲ್ಲವೇ? ಗುಳೆ ಹೋಗುವ ಕುಟುಂಬದ ಮಗುವಿನ ಕಲಿಕೆ ಕಡಿದುಹೋಗುವುದು ಇಲ್ಲಿಯೇ. ಸುಗ್ಗಿಯಲ್ಲಿ ಮನೆಗೊಂದು ಸೇರು ಜೋಳವನ್ನು ಒಟ್ಟುಗೂಡಿಸಿದರೆ, ಒಂದಿಬ್ಬರು ಮಕ್ಕಳನ್ನು ಅಜ್ಜಿಯ ಮನೆಯಲ್ಲೋ ಗುರುವಿನ ಮನೆಯಲ್ಲೋ ಉಳಿಸಿಕೊಳ್ಳಬಹುದು. ದೇವರ ಹೆಸರಿನಲ್ಲಿ ದಾಸೋಹ ನಡೆಸುವ ಊರಿಗೆ ಇದು ಅಸಾಧ್ಯವಲ್ಲ.

ಕಡೆಗೊಂದು ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚಿತವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದುವು. ಅಂದಿನಿಂದ ಕರ್ನಾಟಕದ ಅನೇಕ ನೆರವುಗಳಿಗೆ ನಾವು ಹೊರಗಿನವರು. ಅಲ್ಲಿಯ ನಿವಾಸಿಗಳಿಗೇ ಮೀಸಲಾದುವಕ್ಕೆ ಅರ್ಜಿ ಹಾಕಿ ನಿರಾಶರಾಗದಿರಿ. ಗಡಿನಾಡ ಕನ್ನಡಿಗರೆಂದು ಅವಕಾಶವಿದ್ದಲ್ಲಿ, ನಮ್ಮ ತಾಲೂಕಿನ ಹೆಸರು ಪಟ್ಟಿಯಲ್ಲಿದೆಯೇ ಎಂದು ಓದಿ ನೋಡಿರಿ. ಗಡಿಯ ಕನ್ನಡ ಸಂಸ್ಥೆಗಳ ನೆರವಿಗಾಗಿ 2010ರ ಕಾಯಿದೆಯಂತೆ ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ನೋಂದಾಯಿತ ಸಂಘಗಳು ಅದನ್ನು ವಿಚಾರಿಸಲಿ. ಕೇಂದ್ರದ ವೇತನಗಳಿಗಂತೂ ರಾಜ್ಯದ ಗಡಿಯು ಅಡ್ಡಿಯಲ್ಲ. ಆಂಧ್ರದ ಪ್ರಜೆಗಳಾಗಿ ಈ ರಾಜ್ಯದಲ್ಲಿ ನಮಗಿರುವ ಹಕ್ಕನ್ನೂ ಬಿಡಬಾರದು. ತೆಲುಗನ್ನು ಚೆನ್ನಾಗಿ ಕಲಿತ ಕನ್ನಡದ ಮಗುವಿಗೆ ಎರಡು ಬಾಗಿಲು ತೆರೆದಿರುತ್ತವೆ. ಕನ್ನಡವನ್ನು ಬಿಟ್ಟ ಮಗುವಿಗೆ ಅವುಗಳಲ್ಲೊಂದು ಮುಚ್ಚಿತು.

ಗಡಿಯ ಪ್ರಶ್ನೆಯನ್ನು ತೀರ್ಮಾನಿಸುವುದು ನಮ್ಮೊಬ್ಬರ ಕೈಯಲ್ಲಿಲ್ಲ. ದಾಖಲೆಯ ಪುಸ್ತಕವನ್ನು ತೆರೆಯುವುದು ನಮ್ಮ ಕೈಯಲ್ಲಿದೆ. ಈ ವಾರದೊಳಗೆ ತಮ್ಮ ಊರಿನ ಒಂದು ಮಗುವಿನ ಹೆಸರನ್ನಾದರೂ ಅದರಲ್ಲಿ ಬರೆಯಬೇಕೆಂದು ಪ್ರಾರ್ಥಿಸುತ್ತೇನೆ.