ಸೈಕಲ್ಲು ತುಳಿದೆವು, ಹಕ್ಕಿ ನೋಡಿದೆವು



ನಾವು ನೀರಿಗೆ ಹೋಗುತ್ತೇವೆ. ಹೊಲಕ್ಕೆ ಹೋಗುತ್ತೇವೆ. ಸಂತೆಗೆ ಹೋಗುತ್ತೇವೆ. ಆದರೆ ಸುಮ್ಮನೆ ಏನಾದರೂ ನೋಡಿ ಬರೋಣ ಅಂತ ಎಂದಾದರೂ ಹೊರಟಿದ್ದೇವಾ? ಈ ಸಲ ಜನವರಿಯಲ್ಲಿ ನಾವು ಹಾಗೆ ಹೊರಟೆವು. ಕಲಿಯುವವರು, ಕಲಿಸುವವರು ಕೂಡಿ ಎಂಟು ಮಂದಿ. ಎಂಟು ಸೈಕಲ್ಲು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ.

"ಹೆಂಗಸರಿಗೆ ಸೈಕಲ್ ಯಾಕೆ?" ಅಂತ ಕಟ್ಟೆ ಮೇಲೆ ಕೂತವರು ಕೇಳಿದರು. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಹೆಂಗಸರೂ ಇಂಥ ಮಾತು ಕೇಳಿದವರೇ. 1990ರ ದಶಕದ ಮೊದಲಲ್ಲಿ ಅಲ್ಲಿ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಸಾವಿರಾರು ಹೆಂಗಸರು ಕಲಿತರು. ನಾವೂ ನಕ್ಕು ಮುಂದೆ ಹೋದೆವು.

ನಾವು ಹೋದದ್ದು ಗದಗ ಜಿಲ್ಲೆಯ ಮಾಗಡಿ ಕೆರೆಗೆ. ಬೆಂಗಳೂರಿನ ಹತ್ತಿರದ ಮಾಗಡಿ ಬೇರೆ. ಈ ಮಾಗಡಿ ಇರುವುದು ಶಿರಹಟ್ಟಿ ತಾಲೂಕಿನಲ್ಲಿ. ಮಳೆ ನೀರು ನಿಲ್ಲಿಸಿ ಹೊಲಕ್ಕೆ ಬಿಡಲು ಜನ ಕಟ್ಟಿದ ಕೆರೆ ಇದು. ಸುತ್ತ ಬಯಲು. ದಂಡೆಯಲ್ಲಿ ಕೆಸರು, ಹುಲ್ಲು. ಇಂಥ ಜಾಗಕ್ಕೆ ಜೌಗು ನೆಲ ಎನ್ನುತ್ತಾರೆ.

ಸೈಕಲ್ಲು ಸದ್ದು ಮಾಡುವುದಿಲ್ಲ. ಹಕ್ಕಿ ಬೆದರುವುದಿಲ್ಲ. ಆದರೂ ದೂರದಲ್ಲೇ ಇಳಿದು ನಡೆದೆವು. ಬೆಳ್ಳಕ್ಕಿ ಕಂಡೆವು. ನೀರುಕಾಗೆ ಕಂಡೆವು. ಮಿಂಚುಳ್ಳಿ ನೀರಿಗೆ ಧುಮುಕಿ ಮೀನು ಹಿಡಿಯಿತು.

ಆಮೇಲೆ ಆಕಾಶದಲ್ಲಿ ಗದ್ದಲ. ಬಾಣದ ತುದಿಯ ಹಾಗೆ ಸಾಲು ಕಟ್ಟಿಕೊಂಡು ದೊಡ್ಡ ಹಕ್ಕಿಗಳು ಬಂದವು. ಕೆರೆಯಲ್ಲಿ ಇಳಿದವು. ಬೂದು ಬಣ್ಣದ ಮೈ. ಬಿಳಿ ತಲೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅವೇ ಪಟ್ಟೆತಲೆ ಹೆಬ್ಬಾತುಗಳು.

ಅವುಗಳ ತವರು ಟಿಬೆಟ್, ಮಂಗೋಲಿಯಾ ಕಡೆ. ಮೊಟ್ಟೆ ಇಟ್ಟು ಮರಿ ಮಾಡುವುದು ಅಲ್ಲಿ. ಚಳಿಗಾಲದಲ್ಲಿ ಅಲ್ಲಿನ ಕೆರೆ ಹೆಪ್ಪುಗಟ್ಟುತ್ತದೆ. ಮೇವು ಸಿಗುವುದಿಲ್ಲ. ಆಗ ಹಿಮಾಲಯ ದಾಟಿ ಬರುತ್ತವೆ. 7 ಸಾವಿರ ಮೀಟರಿಗಿಂತ ಎತ್ತರದಲ್ಲಿ ಇವು ಹಾರಿದ್ದು ದಾಖಲಾಗಿದೆ. ಎರಡು ಮೂರು ಕಿಲೋ ತೂಕದ ಹಕ್ಕಿ ಅಷ್ಟು ದೂರ ಬರುತ್ತದೆ! ಬೇಸಿಗೆ ಬಂತೆಂದರೆ ವಾಪಸ್.

ಇದು ಹೇಗೆ ಗೊತ್ತಾಯಿತು? ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕತ್ತಿಗೆ ಪಟ್ಟಿ ಹಾಕಿ ಬಿಟ್ಟಿದ್ದರು. ಪಟ್ಟಿಯ ಮೇಲೆ ಅಕ್ಷರ, ಅಂಕಿ. ಆ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡವು. ಯಾರೋ ಆ ಅಂಕಿ ಓದಿದರು, ಬರೆದು ತಿಳಿಸಿದರು. ನೋಡಿ, ಓದು ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ!

ಹೆಬ್ಬಾತು ಹಗಲು ಕೆರೆಯಲ್ಲಿ ದಣಿವು ಆರಿಸಿಕೊಳ್ಳುತ್ತದೆ. ರಾತ್ರಿ ಹೊಲದಲ್ಲಿ ಮೇಯುತ್ತದೆ. ಪಕ್ಕದ ಹೊಲದ ಅವ್ವ ನಮ್ಮನ್ನು ನಿಲ್ಲಿಸಿ ಕೇಳಿದರು: "ನಿಮಗೇನವಾ, ಹಕ್ಕಿ ಚೆಂದ ಕಾಣ್ತಾವ. ನಮ್ಮ ಕಡ್ಲಿ ಪೈರು ಮೇದು ಹೋಗ್ತಾವಲ್ಲ, ಅದಕ್ಕೇನಂತೀರಿ?"

ನಾವು ಸುಮ್ಮನಾದೆವು. ಅವರ ಮಾತೂ ನಿಜವೇ. ವರ್ಷಪೂರ್ತಿ ಸಾಲ ಮಾಡಿ ದುಡಿದವರು ಅವರು. ಆದರೂ ಅವರು ಹಕ್ಕಿಗೆ ಕಲ್ಲು ಹೊಡೆದಿಲ್ಲ, ವಿಷ ಇಟ್ಟಿಲ್ಲ. "ದೂರದಿಂದ ಬರ್ತಾವ, ಹೊಟ್ಟಿ ಹಸಿದಿರ್ತದ" ಅಂದರು.

ಕೆರೆ ಏರಿ ಮೇಲೆ ಕೂತು ರೊಟ್ಟಿ ಹಂಚಿಕೊಂಡೆವು. ಅಲ್ಲೇ ಅವರ ಪರವಾಗಿ ಒಂದು ಅರ್ಜಿ ಬರೆದೆವು. ಎಷ್ಟು ಹೊಲ, ಯಾವ ಬೆಳೆ, ಎಷ್ಟು ಹಾಳು, ಎಲ್ಲ ಬರೆದೆವು. ಬರೆದವರು ನಮ್ಮ ಕೇಂದ್ರದಲ್ಲಿ ಹೋದ ವರ್ಷ ಅಕ್ಷರ ಕಲಿತ ಅಕ್ಕ. ಅವರು ಬರೆದ ಮೊದಲ ಅರ್ಜಿ ಅದು. ಒಂದು ಪ್ರತಿ ಪಂಚಾಯಿತಿಗೆ, ಒಂದು ಅರಣ್ಯ ಇಲಾಖೆಗೆ.

1971ರಲ್ಲಿ ಇರಾನ್ ದೇಶದ ರಾಮ್ಸಾರ್ ಊರಿನಲ್ಲಿ ಹಲವು ದೇಶದವರು ಸೇರಿದ್ದರು. ಜೌಗು ನೆಲ ಉಳಿಸಬೇಕು ಅಂತ ಒಪ್ಪಂದ ಮಾಡಿಕೊಂಡರು. 2024ರಲ್ಲಿ ಮಾಗಡಿ ಕೆರೆ ಆ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷವೇ. ಆದರೆ ಪಟ್ಟಿಯಲ್ಲಿ ಹೆಸರು ಬಂದರೆ ಸಾಲದು. ಕೆರೆಗೆ ನೀರು ಬರುವ ಹಳ್ಳ ಮುಚ್ಚಬಾರದು. ಕಸ ಸುರಿಯಬಾರದು. ಕೆರೆ ಬದಿಯ ರೈತರ ನಷ್ಟವನ್ನೂ ಕೇಳಬೇಕು. ಹಕ್ಕಿಯೂ ಬೇಕು, ಬೆಳೆಯೂ ಬೇಕು.

ಅಕ್ಕ ತಂಗಿಯರೇ, ನಿಮ್ಮ ಊರ ಹತ್ತಿರವೂ ಒಂದು ಕೆರೆ ಇರಬಹುದು. ಒಂದು ಬೆಳಿಗ್ಗೆ ಜೊತೆಯಾಗಿ ಹೋಗಿ. ಸೈಕಲ್ ಇದ್ದರೆ ಸೈಕಲ್, ಇಲ್ಲವಾದರೆ ನಡಿಗೆ. ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ತಾರೀಖು ಬರೆಯಿರಿ. ಹಕ್ಕಿಯ ಹೆಸರು ಬರೆಯಿರಿ. ಎಷ್ಟಿದ್ದವು, ಎಣಿಸಿ ಬರೆಯಿರಿ. ಹೆಸರು ಗೊತ್ತಿಲ್ಲವೇ? ಬಣ್ಣ ಬರೆಯಿರಿ. ಮುಂದಿನ ವಾರ ಕೇಂದ್ರಕ್ಕೆ ತನ್ನಿ, ಎಲ್ಲರೂ ಕೂಡಿ ಓದೋಣ.