ಗಂಡಸರ ಬೀಜದ ಬಾವು ಮತ್ತು ನಮ್ಮ ಕೊಟ್ಟಿಗೆ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಸುವಿಗೆ ಕೆಚ್ಚಲು ಬಾವು ಬಂದರೆ ತಾವು ರಾತ್ರಿ ಹನ್ನೊಂದು ಗಂಟೆಗೂ ನನಗೆ ಫೋನು ಮಾಡುತ್ತೀರಿ. ಮಾಡಬೇಕಾದ್ದೇ. ಆದರೆ ಅದೇ ಮನೆಯ ಯಜಮಾನರಿಗೆ ಬೀಜ ಊದಿಕೊಂಡು ನಡೆಯಲಾರದಂತಾದರೆ ಹದಿನೈದು ದಿನ ಯಾರಿಗೂ ಹೇಳುವುದಿಲ್ಲ. ಪಂಚೆ ಸಡಿಲ ಮಾಡಿಕೊಂಡು, ಕಾಲು ಅಗಲಿಸಿ ನಡೆಯುತ್ತ, ಕೇಳಿದವರಿಗೆ "ಉಷ್ಣ ಆಗಿದೆ" ಎನ್ನುತ್ತಾರೆ. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೆಣ್ಣುಮಕ್ಕಳೂ ಕುಳಿತಿದ್ದೀರಿ, ಸಂಕೋಚಪಟ್ಟು ಎದ್ದು ಹೋಗಬೇಡಿ. ಮನೆಯಲ್ಲಿ ಇದನ್ನು ಮೊದಲು ಗಮನಿಸುವವರು ನೀವೇ.

ದನದ ಡಾಕ್ಟರಿಗೆ ಮನುಷ್ಯರ ಉಸಾಬರಿ ಏಕೆ ಎಂದು ಕೇಳಬಹುದು. ಬೀಜದ ಬಾವಿಗೆ ಕಾರಣಗಳು ಹಲವು. ಮೂತ್ರದ ಸೋಂಕು, ಮಂಗನಬಾವು, ಕ್ಷಯ, ಲೈಂಗಿಕ ಸಂಪರ್ಕದಿಂದ ಬರುವ ಸೋಂಕು. ಇವನ್ನೆಲ್ಲ ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ಆದರೆ ಒಂದು ಕಾರಣ ನಮ್ಮ ಕೊಟ್ಟಿಗೆಯಿಂದಲೇ ಬರುತ್ತದೆ. ಅದೇ ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್.

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಜ್ವರದಿಂದ ಸತ್ತ ಸೈನಿಕರಲ್ಲಿ ಈ ರೋಗಾಣುವನ್ನು ಕಂಡುಹಿಡಿದರು. ಅದು ಬಂದದ್ದು ಮೇಕೆಯ ಹಸಿ ಹಾಲಿನಿಂದ ಎಂದು ಗೊತ್ತಾಗಲು 1905ರವರೆಗೆ ಕಾಯಬೇಕಾಯಿತು. ಸೈನಿಕರಿಗೆ ಆ ಹಾಲು ನಿಲ್ಲಿಸಿದ ಮೇಲೆ ರೋಗ ಇಳಿಯಿತು. ಈ ನಡುವೆ 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಬ್ಯಾಂಗ್ ಅವರು ಕಂದು ಹಾಕಿದ ಹಸುಗಳಲ್ಲಿ ಇದೇ ಜಾತಿಯ ರೋಗಾಣುವನ್ನು ಗುರುತಿಸಿದ್ದರು. ಹಸುವಿನಲ್ಲಿ ಇದು ಗರ್ಭಕೋಶ ಮತ್ತು ಕೆಚ್ಚಲಲ್ಲಿ ನೆಲೆಸುತ್ತದೆ, ಹೋರಿಯಲ್ಲಿ ಬೀಜದಲ್ಲಿ. ರೋಗ ತಗುಲಿದ ಗಂಡಸರಲ್ಲೂ ಕೆಲವರಿಗೆ ಬೀಜಕ್ಕೇ ಇಳಿಯುತ್ತದೆ, ಹೆಚ್ಚಾಗಿ ಒಂದೇ ಕಡೆಗೆ. ಹೋರಿಯನ್ನಾದರೆ ಪರೀಕ್ಷೆ ಮಾಡಿಯೇ ವೀರ್ಯ ಸಂಗ್ರಹ ಕೇಂದ್ರಕ್ಕೆ ಸೇರಿಸುತ್ತಾರೆ. ಹೋರಿ ಸಾಕಿದವನನ್ನು ಕೇಳುವವರಿಲ್ಲ.

ಇದು ನಾನು ಪುಸ್ತಕ ಓದಿ ಹೇಳುತ್ತಿರುವುದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯಲ್ಲಿ ಏಳು ತಿಂಗಳ ಗಬ್ಬದ ಹಸು ಕಂದು ಹಾಕಿತ್ತು, ಕಸ ಬಿದ್ದಿರಲಿಲ್ಲ. ಕೈಚೀಲ ಮುಗಿದಿತ್ತು. ಮುಂಗೈಯಲ್ಲಿ ಮುಳ್ಳು ತರಚಿದ ಗಾಯವಿದ್ದರೂ ಬರಿಗೈಯಲ್ಲೇ ಕಸ ತೆಗೆದೆ. ಮೂರು ವಾರ ಕಳೆದ ಮೇಲೆ ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಸೊಂಟ ಮುರಿದಂತೆ ನೋವು. ಬೆಳಿಗ್ಗೆ ಎದ್ದರೆ ಏನೂ ಆಗಿಲ್ಲವೆಂಬಂತೆ. ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು, ಐದು ದಿನ ಇಳಿದು ಮತ್ತೆ ಬಂತು. ಆಮೇಲೆ ಎಡಗಡೆ ಬೀಜ ಊದಿ ಕೆಂಪಾಯಿತು. ಪಶುವೈದ್ಯ ಪದವಿ ಓದಿದವನು ನಾನು, ನನಗೇ ನಾಚಿಕೆ. ಹೊಸದಾಗಿ ಮದುವೆಯಾಗಿದ್ದೆ, ಜನ ಏನಂದುಕೊಂಡಾರು ಎಂಬ ಭಯ ಬೇರೆ. ಹತ್ತು ದಿನ ಮುಚ್ಚಿಟ್ಟೆ. ಕೊನೆಗೆ ಹೆಂಡತಿಯೇ ಹಠ ಮಾಡಿ ಬೇರೆ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕೇಳಿದ ಮೊದಲ ಪ್ರಶ್ನೆ, "ಏನು ಕೆಲಸ ಮಾಡುತ್ತೀರಿ?" ಆ ಒಂದು ಪ್ರಶ್ನೆಯಿಂದ ರೋಗ ಸಿಕ್ಕಿತು.

ಆದ್ದರಿಂದ ಡಾಕ್ಟರು ಕೇಳದಿದ್ದರೂ ತಾವೇ ಹೇಳಿ: "ನಾನು ದನ ಕಟ್ಟಿದ್ದೇನೆ. ಇತ್ತೀಚೆಗೆ ಹಸು ಕಂದು ಹಾಕಿತ್ತು. ಕಸವನ್ನು ಕೈಯಲ್ಲಿ ಮುಟ್ಟಿದ್ದೆ." ಕುರಿ, ಮೇಕೆ ಇದ್ದರೆ ಅದನ್ನೂ ಹೇಳಿ. ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಆದರೆ ಸಂಶಯ ಬಂದರೆ ತಾನೇ ಪರೀಕ್ಷೆ ಬರೆಯುವುದು.

ಚಿಕಿತ್ಸೆ ಐದು ದಿನದ್ದಲ್ಲ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್, ಎರಡೂ ಆರು ವಾರ. ಇಲ್ಲವೇ ಡಾಕ್ಸಿಸೈಕ್ಲಿನ್ ಜೊತೆಗೆ ಎರಡು ಮೂರು ವಾರ ಸ್ಟ್ರೆಪ್ಟೋಮೈಸಿನ್ ಸೂಜಿ. ಯಾವುದು ಯಾರಿಗೆ ಎಂಬುದು ಡಾಕ್ಟರ ತೀರ್ಮಾನ, ಮೆಡಿಕಲ್ ಸ್ಟೋರಿನವರದ್ದಲ್ಲ. ರಿಫಾಂಪಿಸಿನ್ ಕ್ಷಯಕ್ಕೂ ಕೊಡುವ ಔಷಧ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಒಂದು ವಾರಕ್ಕೆ ಜ್ವರ ಬಿಡುತ್ತದೆ, ನಮ್ಮವರು ಮಾತ್ರೆಯನ್ನೂ ಬಿಡುತ್ತಾರೆ. ಆಗ ರೋಗ ಮರುಕಳಿಸುತ್ತದೆ. ಬೇಗ ತೋರಿಸಿದವರಿಗೆ ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತದೆ, ಗಂಡಸುತನಕ್ಕೆ ಕುಂದಿಲ್ಲ. ನನಗೆ ಆಮೇಲೆ ಇಬ್ಬರು ಮಕ್ಕಳಾದರು. ಮುಚ್ಚಿಟ್ಟರೆ ಕೀವು ಕಟ್ಟಬಹುದು, ಬೀಜ ಸೊರಗಬಹುದು, ಸಂತಾನಕ್ಕೂ ತೊಂದರೆಯಾಗಬಹುದು.

ಒಂದು ಎಚ್ಚರಿಕೆ. ಹುಡುಗರಿಗೆ, ಪ್ರಾಯದವರಿಗೆ ಇದ್ದಕ್ಕಿದ್ದಂತೆ ಬೀಜದಲ್ಲಿ ಸಹಿಸಲಾರದ ನೋವು, ವಾಂತಿ ಬಂದರೆ ಅದು ಬೀಜ ತಿರುಚಿಕೊಂಡಿರುವುದಿರಬಹುದು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಉಳಿಯುವ ಸಾಧ್ಯತೆ ಹೆಚ್ಚು. ಹರಳೆಣ್ಣೆ ಹಚ್ಚಿ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ.

ಇನ್ನು ಕೊಟ್ಟಿಗೆಯ ಮಾತು. ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕಿದರೆ ಕಂದು ರೋಗದ ಸಂಶಯ ಇಟ್ಟುಕೊಂಡೇ ಮುಂದುವರಿಯಿರಿ. ಬರಿಗೈ ಬೇಡ. ಕೈಚೀಲ ಸಿಗದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಇರಲಿ. ಕಂದು ಮತ್ತು ಕಸವನ್ನು ತಿಪ್ಪೆಗೆ, ಕೆರೆಗೆ ಎಸೆಯದೆ, ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಬಸುರಿ ಹೆಂಗಸರು ಅತ್ತ ಹೋಗಕೂಡದು, ಅವರಿಗೂ ಗರ್ಭಪಾತದ ಅಪಾಯವಿದೆ. ಮಾತ್ರವಲ್ಲ, ಶಕ್ತಿ ಬರುತ್ತದೆಂದು ಕರೆದ ಕೂಡಲೇ ನೊರೆಹಾಲು ಕುಡಿಯುವ ಅಭ್ಯಾಸ ಬಿಡಿ. ಡೈರಿಗೆ ಬಂದ ಹಾಲನ್ನು ನಾವು ಪಾಶ್ಚರೀಕರಿಸುತ್ತೇವೆ, ಮನೆಗೆ ಇಟ್ಟುಕೊಂಡದ್ದನ್ನು ಕಾಯಿಸುವುದು ತಮ್ಮ ಕೆಲಸ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಪಶು ರೋಗ ನಿಯಂತ್ರಣ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಅದರಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಲಸಿಕೆ ಹಾಕುತ್ತಾರೆ. ಗಂಡು ಕರುಗಳಿಗೂ ಗಬ್ಬದ ಹಸುಗಳಿಗೂ ಇದನ್ನು ಹಾಕುವುದಿಲ್ಲ. ಇದರಲ್ಲಿರುವುದು ಜೀವಂತ ರೋಗಾಣು, ಸೂಜಿ ತಮ್ಮ ಕೈಗೆ ಚುಚ್ಚಿದರೆ ತಮಗೇ ರೋಗ ಬರಬಹುದು. ಆದ್ದರಿಂದ ಕರು ಹಿಡಿದುಕೊಡಿ, ಸಿರಿಂಜು ಮುಟ್ಟಬೇಡಿ.

ಸಭೆ ಮುಗಿದ ಮೇಲೆ ನಾನು ಒಂದು ಗಂಟೆ ಡೈರಿಯ ಹಿಂದಿನ ಕೋಣೆಯಲ್ಲಿ ಇರುತ್ತೇನೆ. ಒಬ್ಬೊಬ್ಬರೇ ಬಂದು ಕೇಳಬಹುದು, ಬಾಗಿಲು ಹಾಕಿಕೊಳ್ಳೋಣ.