ಮಾಗಿದ ಬೆರಳುಗಳಿಗೆ ವಾದ್ಯಪಾಠ

(ಶತಮಾನೋತ್ಸವದ ಅಂಗವಾಗಿ ಗಾನವೃಂದದ ವಯಸ್ಕ ಕಲಿಕಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸ)



ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲರೂ ಕೇಳುತ್ತಲೇ ಬೆಳೆದವರು. ಸಂಗೀತದ ವಿಷಯ ಬಂದಾಗಲಂತೂ ಈ ಗಾದೆ ತೀರ್ಪಿನಂತೆ ನಮ್ಮ ಮುಂದೆ ನಿಲ್ಲುತ್ತದೆ. ನಲವತ್ತು ದಾಟಿದವರು ವಾದ್ಯದ ಮುಂದೆ ಕುಳಿತರೆ ಮನೆಯ ಮಕ್ಕಳೇ ಮುಸಿಮುಸಿ ನಗುತ್ತಾರೆ. ಕಛೇರಿ ನಡೆಸುವ ಕಲಾವಿದರಾಗಬೇಕೆಂದರೆ ಗಾದೆಯ ಮಾತು ಬಹುಮಟ್ಟಿಗೆ ನಿಜವೇ. ಆದರೆ ಹಾಡುವ ಸಭೆಗೆ ಆಸರೆಯಾಗಿ ವಾದ್ಯ ನುಡಿಸುವುದು ಬೇರೆಯೇ ಕೆಲಸ. ಆ ಕೆಲಸಕ್ಕೆ ಮರವೂ ಬಗ್ಗಬಲ್ಲದು ಎಂಬುದನ್ನು ನಿಮ್ಮ ಮುಂದಿಡುವುದೇ ನಮ್ಮ ಉದ್ದೇಶ.

ಈ ಕಲಿಕೆ ಇಂದು ಏಕೆ ಅಗತ್ಯವಾಗಿದೆ? ವಾದ್ಯ ಕಲಿತ ಮಕ್ಕಳು ವಿದ್ಯಾಭ್ಯಾಸಕ್ಕೆಂದೂ ಉದ್ಯೋಗಕ್ಕೆಂದೂ ದೂರದ ನಗರಗಳಿಗೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ನಾವು, ವಯಸ್ಸಾದವರು. ನುಡಿಸುವವರಿಲ್ಲದ ಭಾನುವಾರ ಕೆಲವೆಡೆ ಮುದ್ರಿತ ಸಂಗೀತವನ್ನು ಧ್ವನಿವರ್ಧಕದಲ್ಲಿ ಹಾಕಿ ಅದರ ಹಿಂದೆ ಹಾಡುವ ರೂಢಿ ಬಂದಿದೆ. ಮುದ್ರಿತ ಸಂಗೀತಕ್ಕೆ ಕಿವಿಯಿಲ್ಲ. ಮುಂದಿನ ಸಾಲಿನ ಅಜ್ಜಿಗೆ ಉಸಿರು ಸಾಲದಾಗ ಅದು ಕಾಯುವುದಿಲ್ಲ. ಸಭೆ ಭಕ್ತಿಯಿಂದ ಒಂದು ಸಾಲನ್ನು ನಿಧಾನಿಸಿದರೆ ಅದು ತನ್ನ ಪಾಡಿಗೆ ಮುಂದೆ ಓಡುತ್ತದೆ. ಕ್ರಮೇಣ ಜನ ಹಾಡುವುದನ್ನು ಬಿಟ್ಟು ಕೇಳುವವರಾಗುತ್ತಾರೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವು, ಹಾಡಿನೊಡನೆ ನಡೆಯುವ ಪ್ರತಿಯೊಂದು ಆರಾಧನೆಯಲ್ಲಿಯೂ ಇಡೀ ಭಕ್ತಸಮೂಹ ಸಕ್ರಿಯವಾಗಿ ಪಾಲ್ಗೊಳ್ಳುವಂತಾಗಬೇಕೆಂದು ವಿಧಿಸಿತು. ಸಭೆಯ ಉಸಿರನ್ನು ಅರಿತು ನುಡಿಸುವ ಒಂದು ಜೊತೆ ಕೈಗಳು ಊರಿನಲ್ಲಿಯೇ ಇದ್ದರೆ ಆ ಆಶಯ ಉಳಿಯುತ್ತದೆ. ಅವು ಚಿಕ್ಕ ವಯಸ್ಸಿನ ಕೈಗಳೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ವಾದ್ಯದ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಪಿಯಾನೋವನ್ನು ಸುಮಾರು 1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ರೂಪಿಸಿದನು. ಇಂದಿನ ಪೂರ್ಣ ಪ್ರಮಾಣದ ಪಿಯಾನೋದಲ್ಲಿ 88 ಮನೆಗಳಿವೆ: 52 ಬಿಳಿ, 36 ಕಪ್ಪು. ನಮ್ಮ ದೇವಾಲಯಗಳ ಬಾಗಿಲು ಇದಕ್ಕೆ ಸುಲಭವಾಗಿ ತೆರೆಯಲಿಲ್ಲ. ಪೋಪ್ ಹತ್ತನೇ ಪಿಯುಸ್ ಅವರು 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದ ದಿನವೇ, ಹೊರಡಿಸಿದ ಆದೇಶದಲ್ಲಿ ದೇವಾಲಯದೊಳಗೆ ಪಿಯಾನೋ ನುಡಿಸುವುದನ್ನು ನಿಷೇಧಿಸಿದ್ದರು. ವ್ಯಾಟಿಕನ್ ಮಹಾಸಭೆಯು ಕೊಳವೆ ಆರ್ಗನ್ನಿನ ಹಿರಿಮೆಯನ್ನು ಎತ್ತಿಹಿಡಿಯುತ್ತಲೇ, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳನ್ನೂ ಅಧಿಕಾರಿಗಳ ಸಮ್ಮತಿಯೊಡನೆ ಬಳಸಬಹುದೆಂದಿತು. ಇಂದು ನಮ್ಮ ಗಾನವೃಂದಗಳಲ್ಲಿ ಕಾಣುವ ವಿದ್ಯುತ್ ಕೀಬೋರ್ಡು ಪಿಯಾನೋದ ಮನೆಗಳನ್ನೇ ಹೊತ್ತಿರುವುದರಿಂದ ಇಲ್ಲಿ ಹೇಳುವ ಪಾಠ ಎರಡಕ್ಕೂ ಒಂದೇ.

ಪ್ರಬುದ್ಧ ವಯಸ್ಸಿನಲ್ಲಿ ಹೊಸ ಸಂಗೀತವೊಂದನ್ನು ಕಲಿಯಲಾದೀತೇ ಎನ್ನುವವರಿಗೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಬೆಳೆದವರು, ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತವರು. ರಷ್ಯಾದ ಸಂಗೀತರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದನು. ಅಂಥವರು 1940ರ ದಶಕದಲ್ಲಿ, ಪ್ರಾಯಕ್ಕೆ ಬಂದ ಮೇಲೆ, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದ ರಚನೆಗೆ ತೊಡಗಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಅವರು ಪಾಶ್ಚಾತ್ಯದಿಂದ ನಮ್ಮ ಸಂಗೀತಕ್ಕೆ ನಡೆದರು. ನಾವು ಅದೇ ಸೇತುವೆಯ ಮೇಲೆ ಎದುರು ದಿಕ್ಕಿನಿಂದ ನಾಲ್ಕು ಹೆಜ್ಜೆ ಇಡಲಿದ್ದೇವೆ.

ಮೊದಲ ಹೆಜ್ಜೆ ಕಾರ್ಡ್ ಎಂದರೇನೆಂದು ತಿಳಿಯುವುದು. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ನಂತರ ಒಂದು ಬರುತ್ತವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಹಾಡುವ ಧಾಟಿಯ ಕೆಳಗೆ ಮೂರು ನಾಲ್ಕು ಸ್ವರಗಳು ಒಮ್ಮೆಗೇ ನುಡಿಯುತ್ತವೆ. ಆ ಸ್ವರಗುಚ್ಛಕ್ಕೆ ಕಾರ್ಡ್ ಎಂದು ಹೆಸರು. ಸಿ ಎಂಬ ಬಿಳಿ ಮನೆಯನ್ನು ಷಡ್ಜವಾಗಿ ಹಿಡಿದು ಬಿಳಿ ಮನೆಗಳ ಮೇಲೆಯೇ ನಡೆದರೆ ನಮಗೆ ದೊರೆಯುವುದು ಶಂಕರಾಭರಣದ ಸ್ವರಗಳು. ಪಾಶ್ಚಾತ್ಯರು ಇದನ್ನೇ ಸಿ ಮೇಜರ್ ಎನ್ನುತ್ತಾರೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೊಟ್ಟುಸ್ವರಗಳನ್ನು ರಚಿಸಿದಾಗ ಶಂಕರಾಭರಣದ ಸ್ವರಗಳನ್ನೇ ಆಧಾರ ಮಾಡಿಕೊಂಡದ್ದು ಇದೇ ಕಾರಣಕ್ಕೆ.

ಈಗ ಒಂದು ಸ್ವರ ಹಿಡಿದು, ಪಕ್ಕದ್ದನ್ನು ಬಿಟ್ಟು, ಅದರಾಚೆಯದನ್ನು ಹಿಡಿದು, ಮತ್ತೊಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯೋಣ. ಸ, ಗ, ಪ, ಅಂದರೆ ಸಿ, ಇ, ಜಿ. ಇದು ಮೊದಲನೆಯ ಕಾರ್ಡ್. ಇದೇ ಕ್ರಮದಲ್ಲಿ ಮಧ್ಯಮದಿಂದ ಹೊರಟರೆ ಮ, ದ, ಸ, ಅಂದರೆ ಎಫ್, ಎ, ಸಿ. ಇದು ನಾಲ್ಕನೆಯ ಸ್ವರದ ಕಾರ್ಡ್. ಪಂಚಮದಿಂದ ಹೊರಟರೆ ಪ, ನಿ, ರಿ, ಅಂದರೆ ಜಿ, ಬಿ, ಡಿ. ಇದು ಐದನೆಯದು. ಈ ಮೂರನ್ನೂ ಕೂಡಿಸಿ ನೋಡಿ: ಸಪ್ತಸ್ವರಗಳಲ್ಲಿ ಒಂದೂ ಹೊರಗುಳಿದಿಲ್ಲ. ಆದ್ದರಿಂದ ಈ ಸ್ವರಶ್ರೇಣಿಯ ಧಾಟಿ ಯಾವ ಸ್ವರದ ಮೇಲೆ ನಿಂತರೂ ಅದಕ್ಕೆ ಹೆಗಲು ಕೊಡುವ ಕಾರ್ಡೊಂದು ಈ ಮೂರರಲ್ಲಿ ಇದ್ದೇ ಇರುತ್ತದೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಗ್ರಾಮದ ದೇವಾಲಯದಲ್ಲಿ ಮೊದಲ ಬಾರಿಗೆ ಕೇಳಿಬಂದ 'ಸೈಲೆಂಟ್ ನೈಟ್' ಗೀತೆಯನ್ನು ನೆನೆಯೋಣ. ಧರ್ಮಗುರು ಯೋಸೆಫ್ ಮೋರ್ ಅವರ ಪದ್ಯಕ್ಕೆ ಶಾಲಾ ಉಪಾಧ್ಯಾಯರಾದ ಫ್ರಾನ್ಸ್ ಗ್ರೂಬರ್ ಧಾಟಿ ಕಟ್ಟಿದರು. ಗಿಟಾರಿನ ಹಿಮ್ಮೇಳದಲ್ಲಿ ಅದನ್ನು ಹಾಡಲಾಯಿತು. ಲೋಕವೆಲ್ಲ ಹಾಡುವ ಆ ಗೀತೆಯನ್ನು ಈ ಮೂರೇ ಕಾರ್ಡುಗಳಲ್ಲಿ ಮೊದಲಿನಿಂದ ಕಡೆಯವರೆಗೆ ನುಡಿಸಬಹುದು.

ಕಾರ್ಡುಗಳಿಗೆ ಒಂದು ನಡಿಗೆಯೂ ಉಂಟು. ಮೊದಲನೆಯದು ಮನೆ, ಅಲ್ಲಿ ಕಿವಿಗೆ ನೆಮ್ಮದಿ. ನಾಲ್ಕನೆಯದು ಅಂಗಳಕ್ಕೆ ಇಳಿದಂತೆ. ಐದನೆಯದು ಸಂಜೆಯಾಯಿತು, ಮನೆಗೆ ಹಿಂದಿರುಗಬೇಕು ಎಂಬ ತವಕ ಹುಟ್ಟಿಸುತ್ತದೆ. ಹಾಡಿನ ಸಾಲು ಐದರಿಂದ ಒಂದಕ್ಕೆ ಬಂದಾಗ ಮುಗಿಯಿತೆಂದು ಎಲ್ಲರಿಗೂ ತಾನಾಗಿಯೇ ತಿಳಿಯುತ್ತದೆ. ಸ್ತುತಿಗೀತೆಯ ಕೊನೆಗೆ ಹಾಡುವ 'ಆಮೆನ್' ಸಾಮಾನ್ಯವಾಗಿ ನಾಲ್ಕರಿಂದ ಒಂದಕ್ಕೆ ಮೆಲ್ಲನೆ ಇಳಿಯುತ್ತದೆ. ಈ ಎರಡು ಮುಕ್ತಾಯಗಳ ವ್ಯತ್ಯಾಸವನ್ನು ಕಿವಿ ಗುರುತಿಸಿದ ದಿನ ನೀವು ಅರ್ಧ ದಾರಿ ಕ್ರಮಿಸಿದಂತೆಯೇ.

ಇನ್ನು ಬೆರಳುಗಳ ಮಾತು. ಹೊಸಬರು ಪ್ರತಿ ಕಾರ್ಡಿಗೂ ಕೈಯನ್ನು ಎತ್ತಿ ಎತ್ತಿ ಹಾಕುತ್ತಾರೆ. ಅಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಕೈ ನೆಗೆಯಬಾರದು, ಬೆರಳು ಸರಿಯಬೇಕು. ಬಲಗೈಯಲ್ಲಿ ಸಿ, ಇ, ಜಿ ಹಿಡಿದಿದ್ದೀರಿ ಎನ್ನಿ. ನಾಲ್ಕನೆಯ ಕಾರ್ಡಿಗೆ ಹೋಗಲು ಸಿ ಇದ್ದಲ್ಲಿಯೇ ಇರಲಿ. ಇ ಎಫ್‌ಗೆ ಸರಿಯಲಿ, ಜಿ ಎಗೆ ಸರಿಯಲಿ. ಮೊದಲನೆಯದರಿಂದ ಐದನೆಯದಕ್ಕೆ ಜಿ ಇದ್ದಲ್ಲಿಯೇ ಇರಲಿ. ಸಿ ಕೆಳಗಿನ ಬಿಗೆ, ಇ ಡಿಗೆ ಇಳಿಯಲಿ. ಎಡಗೈ ಕೆಳಗಡೆ ಆಯಾ ಕಾರ್ಡಿನ ಮೂಲಸ್ವರವೊಂದನ್ನೇ ನುಡಿಸಿದರೆ ಸಾಕು. ಎರಡು ಕಾರ್ಡುಗಳಿಗೆ ಸಮಾನವಾದ ಸ್ವರವನ್ನು ಬಿಡದೆ ಹಿಡಿಯುವ ಈ ಅಭ್ಯಾಸದಿಂದ ಕೈಗೆ ಶ್ರಮ ಕಡಿಮೆ, ಕಿವಿಗೆ ಹಿತ ಹೆಚ್ಚು.

ಮೂರು ಕಾರ್ಡುಗಳು ಕೈಗೆ ಹತ್ತಿದ ಮೇಲೆ ನಾಲ್ಕನೆಯದಾಗಿ ಎ ಮೈನರ್, ಅಂದರೆ ಎ, ಸಿ, ಇ ಕಲಿಯಬಹುದು. ಇದರಲ್ಲಿ ಒಂದು ಬಗೆಯ ವಿಷಾದದ ಛಾಯೆಯಿದೆ. ತಪಸ್ಸುಕಾಲದ ಗೀತೆಗಳಿಗೆ ಒಪ್ಪುತ್ತದೆ. ಸಿ, ಎ ಮೈನರ್, ಎಫ್, ಜಿ ಎಂಬ ಸರಣಿಯನ್ನು ನುಡಿಸಿ ನೋಡಿ. ಸಿಯಿಂದ ಎ ಮೈನರಿಗೆ ಒಂದೇ ಬೆರಳು ಜಿಯಿಂದ ಎಗೆ ಸರಿಯುತ್ತದೆ. ಅಲ್ಲಿಂದ ಎಫ್‌ಗೆ ಮತ್ತೆ ಒಂದೇ ಬೆರಳು, ಇಯಿಂದ ಎಫ್‌ಗೆ. ತೊಡಕು ಇರುವುದು ಎಫ್‌ನಿಂದ ಜಿಗೆ ಹೋಗುವಲ್ಲಿ. ಈ ಎರಡಕ್ಕೂ ಸಮಾನ ಸ್ವರವಿಲ್ಲ. ಎಡಗೈ ಒಂದು ಮನೆ ಮೇಲೇರುವಾಗ ಬಲಗೈಯ ಮೂರೂ ಬೆರಳುಗಳು ಕೆಳಗಿಳಿಯಲಿ ಎಂಬುದೇ ಅದಕ್ಕೆ ಪರಿಹಾರ. ಬಹುಮಂದಿ ಸೋತು ಕೈಬಿಡುವುದು ಈ ಒಂದು ತಿರುವಿನಲ್ಲಿ. ಆದ್ದರಿಂದ ಹಾಡು ಪೂರ್ತಿ ನುಡಿಸುತ್ತ ಕೂರದೆ ಈ ತಿರುವನ್ನು ಮಾತ್ರ ಪ್ರತ್ಯೇಕಿಸಿ ದಿನಕ್ಕೆ ಇಪ್ಪತ್ತು ಸಲ ನಿಧಾನವಾಗಿ ನುಡಿಸಬೇಕು.

ಅಭ್ಯಾಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ಪ್ರತಿದಿನವೂ ಬೇಕು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಶನಿವಾರ ಒಂದೇ ದಿನ ಮೂರು ಗಂಟೆ ಕುಳಿತರೆ ಬೆನ್ನು ನೋಯುತ್ತದೆಯೇ ಹೊರತು ಬೆರಳು ಕಲಿಯುವುದಿಲ್ಲ. ನಾಲ್ಕು ಎಣಿಕೆಗೆ ಒಂದು ಕಾರ್ಡಿನಂತೆ ಬಾಯಲ್ಲಿ ಎಣಿಸುತ್ತ ನುಡಿಸಿ; ಬೆರಳು ತಪ್ಪಿದರೂ ಎಣಿಕೆ ನಿಲ್ಲಬಾರದು. ಸಭೆ ಹಾಡುವಾಗ ಒಂದು ಸ್ವರ ತಪ್ಪಿದರೆ ಹೆಚ್ಚು ಮಂದಿ ಗಮನಿಸುವುದಿಲ್ಲ, ಲಯ ನಿಂತರೆ ಎಲ್ಲರೂ ತಡವರಿಸುತ್ತಾರೆ. ಉಂಗುರ ಬೆರಳು ಮಾತು ಕೇಳುವುದಿಲ್ಲವೆಂದು ದುಃಖಿಸಬೇಡಿ. ಅದರ ಸ್ನಾಯುರಜ್ಜು ಪಕ್ಕದ ಬೆರಳುಗಳೊಡನೆ ಹೆಣೆದುಕೊಂಡಿರುವುದರಿಂದ ಅದು ಯಾರಿಗೂ ಪೂರ್ಣ ಸ್ವತಂತ್ರವಲ್ಲ.

ಕಾರ್ಡುಗಳನ್ನು ಒಂದು, ನಾಲ್ಕು, ಐದು ಎಂದು ಸಂಖ್ಯೆಯಲ್ಲಿ ನೆನಪಿಡುವುದು ಮೇಲು. ಸಭೆಗೆ ಶ್ರುತಿ ತಗ್ಗಾಗಿ ಡಿಯನ್ನು ಷಡ್ಜ ಮಾಡಬೇಕಾಗಿ ಬಂದರೆ ಒಂದು ಡಿ, ನಾಲ್ಕು ಜಿ, ಐದು ಎ ಆಗುತ್ತದೆ, ನಡಿಗೆ ಬದಲಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಕನ್ನಡ ಭಕ್ತಿಗೀತೆಗಳಲ್ಲಿ ಅನೇಕವು ರಾಗಗಳ ಮೇಲೆ ನಿಂತಿವೆ. ಕಲಿತ ಉತ್ಸಾಹದಲ್ಲಿ ಎಲ್ಲಕ್ಕೂ ಮೂರು ಕಾರ್ಡು ಹೊದಿಸಿದರೆ ರಾಗದ ಮುಖವೇ ಮಾಸುತ್ತದೆ. ಮೋಹನದಲ್ಲಿ ಮಧ್ಯಮವಿಲ್ಲ, ನಾಲ್ಕನೆಯ ಕಾರ್ಡು ಆ ಇಲ್ಲದ ಸ್ವರವನ್ನು ಎಳೆದು ತರುತ್ತದೆ. ಕಲ್ಯಾಣಿಯ ಮಧ್ಯಮ ಪ್ರತಿಮಧ್ಯಮ. ಎಫ್ ಕಾರ್ಡಿನ ಶುದ್ಧಮಧ್ಯಮ ಅದರೊಡನೆ ಕಚ್ಚಾಡುತ್ತದೆ. ಮಾಯಾಮಾಳವಗೌಳದ ರಿಷಭ ಶುದ್ಧರಿಷಭವಾದ್ದರಿಂದ ಐದನೆಯ ಕಾರ್ಡಿನ ಡಿ ಅಲ್ಲಿ ಸಲ್ಲದು. ಇಂಥ ಗೀತೆಗಳಿಗೆ ತಂಬೂರಿಯ ಮಾದರಿಯಲ್ಲಿ ಸ ಮತ್ತು ಪ ಎರಡನ್ನೇ ಹಿಡಿದು, ಬಲಗೈಯಲ್ಲಿ ಧಾಟಿಯನ್ನು ಮೆಲ್ಲಗೆ ನುಡಿಸುವುದೇ ಲೇಸು. ಎಲ್ಲಿ ಕಾರ್ಡು ಹಾಕಬಾರದೆಂಬುದನ್ನು ಅರಿಯಲು ರಾಗ ಕೇಳಿ ಪಳಗಿದ ಕಿವಿ ಬೇಕು. ಎಳೆಯರಿಗಿಂತ ನಿಮಗೆ ಹೆಚ್ಚಾಗಿ ಇರುವ ಬಂಡವಾಳ ಅದೇ.

ಹೌದು, ನಿಮ್ಮಲ್ಲಿ ಬಂಡವಾಳವಿದೆ. ಮಗುವಿಗೆ ಬೆರಳು ಚುರುಕು. ಆದರೆ ಅದಕ್ಕೆ ಹಾಡೂ ಹೊಸದು, ಸಾಹಿತ್ಯವೂ ಹೊಸದು. ನಿಮಗೆ ನೂರಾರು ಗೀತೆಗಳು ಬಾಯಿಪಾಠ. ಯಾವ ಸಾಲಿನಲ್ಲಿ ಜನ ಉಸಿರೆಳೆಯುತ್ತಾರೆ, ಶವಸಂಸ್ಕಾರದ ಗೀತೆಯನ್ನು ಎಷ್ಟು ನಿಧಾನಿಸಬೇಕು, ಮದುವೆಯ ಗೀತೆಗೆ ಎಷ್ಟು ಲವಲವಿಕೆ ಬೇಕು ಎಂಬುದನ್ನು ನಿಮಗೆ ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಬೆರಳಿಗೆ ಬರಬೇಕಾದದ್ದು ನಾಲ್ಕು ಕಾರ್ಡು. ಮನಸ್ಸಿನಿಂದ ಹೋಗಬೇಕಾದದ್ದು ನಾಚಿಕೆ. ಎರಡನೆಯದೇ ಕಷ್ಟದ ಪಾಠವೆಂದು ನಾವು ಬಲ್ಲೆವು. ಮೊಮ್ಮಗಳ ಪಕ್ಕದಲ್ಲಿ ಕುಳಿತು ಅವಳಿಂದಲೇ ತಿದ್ದಿಸಿಕೊಳ್ಳುವ ಅಜ್ಜನನ್ನು ಕಂಡ ಮಗು, ಕಲಿಕೆಗೆ ಕೊನೆಯಿಲ್ಲವೆಂಬುದನ್ನು ಯಾವ ಉಪದೇಶವೂ ಇಲ್ಲದೆ ಅರಿಯುತ್ತದೆ.

ಈ ದೇವಾಲಯ ನೂರು ವರ್ಷಗಳನ್ನು ಪೂರೈಸಿರುವ ಸಂಭ್ರಮದಲ್ಲಿ ಗೋಡೆಗೆ ಬಣ್ಣ ಬಳಿದಿದ್ದೇವೆ, ಗೋಪುರಕ್ಕೆ ದೀಪ ಹಾಕಿದ್ದೇವೆ. ಅವುಗಳೊಡನೆ ಊರಿನಲ್ಲಿಯೇ ಉಳಿಯುವ ನಾಲ್ಕಾರು ಮಂದಿ ವಾದ್ಯದ ಮುಂದೆ ಕೂರುವ ಧೈರ್ಯ ಮಾಡಿದರೆ, ಮುಂದಿನ ಭಾನುವಾರಗಳಲ್ಲಿ ಸಭೆ ಕೇಳುಗರ ಗುಂಪಾಗದೆ ಹಾಡುವ ಕುಟುಂಬವಾಗಿಯೇ ಇರುತ್ತದೆ. ಮೊದಲ ಮೂರು ಕಾರ್ಡುಗಳನ್ನು ಕಲಿಯಲು ನಾಳೆಯ ಇಪ್ಪತ್ತು ನಿಮಿಷಗಳಿಂದಲೇ ಆರಂಭಿಸಬೇಕೆಂದು ಕೋರುತ್ತೇವೆ.